ಸೂಚಿಯ ರೂಪಾಂತರಕ್ಕೊಂದು ಪುಷ್ಪಿಕೆ: 'ಸ್ಕ್ವಿಚ್' ಸಾಧನದ ವಿಮರ್ಶೆ

ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಂಪಾದಿಸಿದ 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚೀ' 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಅದರ ಒಂದು ಪ್ರತಿಯಲ್ಲಿರುವುದೇ ಇನ್ನೊಂದು ಪ್ರತಿಯಲ್ಲಿಯೂ ಇದೆ. ಯಾವುದಾದರೊಂದು ನಮೂದಿನಲ್ಲಿ ಸ್ಖಾಲಿತ್ಯವಿದ್ದರೆ ಆ ಸ್ಖಾಲಿತ್ಯವೂ ಎಲ್ಲರ ಕಣ್ಣೆದುರಿಗೆ ಸ್ಥಿರವಾಗಿ ನಿಂತಿರುತ್ತದೆ. ಮುಂದೆ ಬರುವ ವಿದ್ವಾಂಸನು ಪುಟಸಂಖ್ಯೆಯೊಡನೆ ಅದನ್ನು ಉಲ್ಲೇಖಿಸಿ, ತಿದ್ದಿ, ತಿದ್ದಿದ್ದಕ್ಕೆ ಕಾರಣವನ್ನೂ ಹೇಳಬಹುದು. ಈಚಿನ ದಶಕಗಳಲ್ಲಿ ಹಸ್ತಪ್ರತಿಸೂಚಿಗಳು ಅಚ್ಚಿನ ಪುಟವನ್ನು ಬಿಟ್ಟು ಗಣಕಯಂತ್ರದ ದತ್ತಸಂಚಯವನ್ನು, ಅಂದರೆ ಡೇಟಾಬೇಸನ್ನು, ಆಶ್ರಯಿಸತೊಡಗಿರುವುದು ಸರಿಯಷ್ಟೆ. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ತನ್ನ ಸೂಚಿಯನ್ನು ಈ ಮಾರ್ಗದಲ್ಲಿಯೇ ಕಟ್ಟಿತು. ಹುಡುಕುವ ಸೌಕರ್ಯದಲ್ಲಿ ದತ್ತಸಂಚಯಕ್ಕೆ ಅಚ್ಚಿನ ಸೂಚಿ ಸಾಟಿಯಾಗಲಾರದು. ಆದರೆ ಸ್ಥಿರತೆ ಎಂಬ ಗುಣ ದತ್ತಸಂಚಯಕ್ಕೆ ಸ್ವಭಾವತಃ ಇಲ್ಲ. ನಿನ್ನೆ ಇದ್ದ ಅಂಕಣ ಇಂದು ಇಲ್ಲದಿರಬಹುದು. ಇಲ್ಲದಾದುದರ ಗುರುತೂ ಉಳಿಯದಿರಬಹುದು.

ದತ್ತಸಂಚಯದ ಕೋಷ್ಟಕಗಳ ರಚನೆಯನ್ನು ಬದಲಾಯಿಸುವ ಕಾರ್ಯಕ್ಕೆ ಆ ವೃತ್ತಿಯವರು 'ಮೈಗ್ರೇಶನ್' ಎನ್ನುತ್ತಾರೆ. ವಲಸೆ ಎಂಬುದು ಆ ಪದದ ಸಾಮಾನ್ಯಾರ್ಥವಾದರೂ ಇಲ್ಲಿ ದತ್ತಾಂಶವು ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವುದಿಲ್ಲ. ಇದ್ದಲ್ಲಿಯೇ ಅದರ ರೂಪ ಬದಲಾಗುತ್ತದೆ. ಆದುದರಿಂದ ರೂಪಾಂತರವೆಂದು ಕರೆಯುವುದೇ ಯುಕ್ತ. ಹೊಸ ಅಂಕಣವೊಂದನ್ನು ಸೇರಿಸುವುದು, ಒಂದು ಕೋಷ್ಟಕವನ್ನು ಎರಡಾಗಿ ಒಡೆಯುವುದು, ಅಕ್ಷರರೂಪದ ನಮೂದನ್ನು ಅಂಕಿಯ ರೂಪಕ್ಕೆ ತರುವುದು, ಬೇಡವಾದ ಅಂಕಣವನ್ನು ತೆಗೆದುಹಾಕುವುದು ಇವೆಲ್ಲ ರೂಪಾಂತರಗಳೇ. ಹಿಂದೆ ಇವನ್ನು ನಿರ್ವಾಹಕನು ತನಗೆ ತೋಚಿದಾಗ ಕೈಯಿಂದಲೇ ಮಾಡುತ್ತಿದ್ದನು. ಏನು ಮಾಡಿದನೆಂಬುದು ಅವನ ನೆನಪಿನಲ್ಲಿ ಮಾತ್ರ ಇರುತ್ತಿತ್ತು. ಪ್ರತಿಯೊಂದು ಬದಲಾವಣೆಯನ್ನೂ ಒಂದು ಆಜ್ಞಾಪತ್ರವಾಗಿ, ಅಂದರೆ ಸ್ಕ್ರಿಪ್ಟ್ ಆಗಿ, ಬರೆದಿಟ್ಟು, ಅವನ್ನು ಕ್ರಮವಾಗಿ ಅನ್ವಯಿಸಿ, ಯಾವುದು ಅನ್ವಯವಾಗಿದೆಯೆಂಬುದನ್ನು ದತ್ತಸಂಚಯದೊಳಗೇ ಒಂದು ದಾಖಲೆಕೋಷ್ಟಕದಲ್ಲಿ ಬರೆದಿಡುವ ಸಾಧನಗಳು ಆಮೇಲೆ ಬಂದವು. 2005ರಲ್ಲಿ ಮೊದಲ ಪೂರ್ಣ ಆವೃತ್ತಿಯನ್ನು ಕಂಡ 'ರೇಲ್ಸ್' ಈ ಪದ್ಧತಿಯನ್ನು ಜನಪ್ರಿಯಗೊಳಿಸಿತು. 2006ರ 'ಲಿಕ್ವಿಬೇಸ್', 2010ರ 'ಫ್ಲೈವೇ', ಮೈಕ್ ಬೇಯರ್ ಅವರ 'ಅಲೆಂಬಿಕ್' ಅದೇ ಸಾಲಿನವು. ಡೇವಿಡ್ ವೀಲರ್ ಅವರು ಪರ್ಲ್ ಭಾಷೆಯಲ್ಲಿ ರಚಿಸಿ 2012ರಲ್ಲಿ ಹೊರತಂದ 'ಸ್ಕ್ವಿಚ್' ಈ ವಿಮರ್ಶೆಯ ಮುಖ್ಯ ವಿಷಯ. ಅದರ 1.0 ಆವೃತ್ತಿ ಬಂದದ್ದು 2019ರಲ್ಲಿ. ಚಿತ್ರ, ಗುಂಡಿಗಳಿಲ್ಲದೆ ಕೇವಲ ಆಜ್ಞೆಗಳನ್ನು ಬೆರಳಚ್ಚಿಸಿ ನಡೆಸಬೇಕಾದ ಕಮ್ಯಾಂಡ್ ಲೈನ್ ಸಾಧನ ಇದು. ಈ ಒರಟುತನವನ್ನು ದೋಷವೆನ್ನಬೇಕಾಗಿಲ್ಲ. ಬೆರಳಚ್ಚಿಸಿದ ಆಜ್ಞೆಯನ್ನು ಬರೆದಿಡಬಹುದು, ಇನ್ನೊಬ್ಬರಿಗೆ ಕಳುಹಿಸಬಹುದು, ವರ್ಷಗಳ ಬಳಿಕ ಅದನ್ನೇ ಮತ್ತೆ ಓದಬಹುದು. ಒತ್ತಿದ ಗುಂಡಿಗೆ ಅಂಥ ಲಿಖಿತರೂಪವಿಲ್ಲ.

ಇಂಥ ಸಾಧನದ ಯೋಗ್ಯತೆಯನ್ನು ಅಳೆಯಲು ವೇಗ, ಸೌಲಭ್ಯ, ಎಷ್ಟು ಬಗೆಯ ದತ್ತಸಂಚಯಗಳಿಗೆ ಹೊಂದುತ್ತದೆ ಎಂಬ ಲೆಕ್ಕ ಇವನ್ನೇ ಸಾಮಾನ್ಯವಾಗಿ ಮುಂದಿಡುತ್ತಾರೆ. ಹಸ್ತಪ್ರತಿಶಾಸ್ತ್ರದ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ ಬೇರೆ. ತಾನು ಮಾಡಿದ ಬದಲಾವಣೆಗೆ ಆ ಸಾಧನ ಎಂಥ ಪುಷ್ಪಿಕೆಯನ್ನು ಬರೆಯುತ್ತದೆ? ಪ್ರತಿಮಾಡಿದವನು ಯಾರು, ಯಾವಾಗ, ಯಾವ ಮಾತೃಕೆಯಿಂದ, ಯಾರ ಅಪೇಕ್ಷೆಯಂತೆ ಎಂಬುದನ್ನು ಹೇಳುವ ಓಲೆಗೂ ಏನನ್ನೂ ಹೇಳದೆ ಗ್ರಂಥದ ಕೊನೆಯ ಅಕ್ಷರದೊಡನೆ ಮುಗಿಯುವ ಓಲೆಗೂ ಇರುವ ಅಂತರ ವಿದ್ವಾಂಸರಿಗೆ ವಿದಿತವೇ ಆಗಿದೆ.

ಈ ಒರೆಗಲ್ಲಿನ ಮೇಲೆ ಉಜ್ಜಿದಾಗ ಪ್ರಸಿದ್ಧ ಸಾಧನಗಳು ಕೂಡ ಮಸುಕಾಗಿ ಕಾಣುತ್ತವೆ. ಅಲೆಂಬಿಕ್ ತನ್ನ ದಾಖಲೆಕೋಷ್ಟಕದಲ್ಲಿ ಇಡುವುದು ಒಂದೇ ಒಂದು ಅಂಕಣವನ್ನು. ದತ್ತಸಂಚಯವು ಸದ್ಯ ಯಾವ ಮೆಟ್ಟಿಲ ಮೇಲೆ ನಿಂತಿದೆ ಎಂಬ ಗುರುತಷ್ಟೇ ಅಲ್ಲಿ ಇರುತ್ತದೆ. ಹತ್ತಿಬಂದ ಮೆಟ್ಟಿಲುಗಳನ್ನು ಯಾರು, ಎಂದು ಹತ್ತಿದರು, ನಡುವೆ ಎಷ್ಟು ಸಲ ಇಳಿದರು ಎಂಬುದಕ್ಕೆ ಅಲ್ಲಿ ಆಧಾರವೇ ಸಿಕ್ಕದು. ಮೇಲಾಗಿ ಅದರಲ್ಲಿ 'ಸ್ಟಾಂಪ್' ಎಂಬ ಆಜ್ಞೆಯೊಂದಿದೆ. ಯಾವ ಬದಲಾವಣೆಯನ್ನೂ ನಡೆಸದೆ, ನಡೆಸಿದಂತೆ ಗುರುತನ್ನು ಮಾತ್ರ ಬರೆಯುವುದು ಅದರ ಕೆಲಸ. ಕೆಲವು ಸಂದರ್ಭಗಳಲ್ಲಿ ಇದರ ಅಗತ್ಯವಿದೆಯೆಂಬುದನ್ನು ಒಪ್ಪಬಹುದು. ಕೈಯಿಂದ ಕಟ್ಟಿದ ಹಳೆಯ ದತ್ತಸಂಚಯವನ್ನು ಸಾಧನದ ಅಧೀನಕ್ಕೆ ತರುವಾಗ ಬೇರೆ ದಾರಿಯಿಲ್ಲ. ಆದರೆ ಹೀಗೆ ಬರೆದ ಗುರುತಿಗೂ ನಿಜವಾಗಿ ನಡೆದ ಬದಲಾವಣೆಯ ಗುರುತಿಗೂ ದಾಖಲೆಯಲ್ಲಿ ವ್ಯತ್ಯಾಸವೇ ಇರದಿರುವುದನ್ನು ಒಪ್ಪುವುದು ಕಷ್ಟ.

ಫ್ಲೈವೇ ಇದಕ್ಕಿಂತ ಎಷ್ಟೋ ಮೇಲು. ಅನ್ವಯವಾದ ಪ್ರತಿಯೊಂದು ಆಜ್ಞಾಪತ್ರಕ್ಕೂ ಅದು ಒಂದು ಸಾಲನ್ನು ಬರೆಯುತ್ತದೆ. ದಿನಾಂಕ, ಹಿಡಿದ ಕಾಲ, ಯಶಸ್ಸೋ ವಿಫಲವೋ ಎಂಬುದು, ಆಜ್ಞಾಪತ್ರದ ಅಕ್ಷರಗಳಿಂದ ಲೆಕ್ಕಹಾಕಿದ ಒಂದು ಮೊಹರಿನ ಸಂಖ್ಯೆ ಎಲ್ಲವೂ ಅಲ್ಲಿರುತ್ತವೆ. ಒಮ್ಮೆ ಅನ್ವಯವಾದ ಆಜ್ಞಾಪತ್ರವನ್ನು ಆಮೇಲೆ ಯಾರಾದರೂ ತಿದ್ದಿದರೆ ಮೊಹರು ಹೊಂದದೆ ಫ್ಲೈವೇ ಮುಂದುವರಿಯಲು ನಿರಾಕರಿಸುತ್ತದೆ. ಇದು ಶ್ಲಾಘ್ಯ. ಆದರೆ ಅದೇ ಸಾಧನದ 'ರಿಪೇರ್' ಎಂಬ ಆಜ್ಞೆ, ತಿದ್ದಿದ ಆಜ್ಞಾಪತ್ರಕ್ಕೆ ಹೊಂದುವಂತೆ ಹಳೆಯ ಮೊಹರನ್ನೇ ಬದಲಿಸಿಬಿಡುತ್ತದೆ. ಓಲೆಯಲ್ಲಿ ಪಾಠವನ್ನು ತಿದ್ದಿ, ತಿದ್ದಿದ್ದು ತಿಳಿಯದಂತೆ ಪುಷ್ಪಿಕೆಯನ್ನೂ ತಿದ್ದುವುದಕ್ಕೂ ಇದಕ್ಕೂ ಏನು ಭೇದ? ಅನ್ವಯಿಸಿದವನ ಹೆಸರೆಂದು ಫ್ಲೈವೇ ಬರೆಯುವುದಾದರೂ ದತ್ತಸಂಚಯವನ್ನು ಪ್ರವೇಶಿಸಿದ ಖಾತೆಯ ಹೆಸರನ್ನು. ಒಂದೇ ಖಾತೆಯನ್ನು ಕಚೇರಿಯವರೆಲ್ಲ ಬಳಸುವ ಕಡೆ ಆ ಹೆಸರಿನಿಂದ ವ್ಯಕ್ತಿ ತಿಳಿಯುವುದಿಲ್ಲ. ಲಿಕ್ವಿಬೇಸ್ ಬದಲಾವಣೆಯ ಕರ್ತೃವಿನ ಹೆಸರನ್ನು ಕೇಳಿ ಬರೆದುಕೊಳ್ಳುತ್ತದೆ, ಅನ್ವಯವಾದ ದಿನವನ್ನೂ ಬರೆಯುತ್ತದೆ. ಅನ್ವಯಿಸಿದವನನ್ನು ಮಾತ್ರ ಹೆಸರಿಸುವುದಿಲ್ಲ.

ಸ್ಕ್ವಿಚ್ ಸಾಧನದ ಹಿರಿಮೆ ಇರುವುದು ಇಲ್ಲಿ. ಅದರ ದಾಖಲೆಕೋಷ್ಟಕದಲ್ಲಿ ಪ್ರತಿಯೊಂದು ಬದಲಾವಣೆಗೂ ಇಬ್ಬರು ವ್ಯಕ್ತಿಗಳ ಹೆಸರುಗಳೂ ಎರಡು ಕಾಲಗಳೂ ದಾಖಲಾಗುತ್ತವೆ. ಬದಲಾವಣೆಯನ್ನು ಯೋಚಿಸಿ ಯೋಜನಾಪತ್ರದಲ್ಲಿ ಸೇರಿಸಿದವನು 'ಪ್ಲಾನರ್'. ಅದನ್ನು ಈ ನಿರ್ದಿಷ್ಟ ದತ್ತಸಂಚಯದ ಮೇಲೆ ಅನ್ವಯಿಸಿದವನು 'ಕಮಿಟರ್'. ಯೋಜಿಸಿದ ಕಾಲ ಬೇರೆ, ಅನ್ವಯಿಸಿದ ಕಾಲ ಬೇರೆ. ಗ್ರಂಥಕರ್ತೃ ಮತ್ತು ಲಿಪಿಕಾರ, ರಚನಾಕಾಲ ಮತ್ತು ಲಿಪಿಕಾಲ ಎಂಬ ವಿವೇಚನೆ ಇಷ್ಟು ಸ್ಪಷ್ಟವಾಗಿ ಇನ್ನುಳಿದ ಮೂರರಲ್ಲಿ ಕಾಣುವುದಿಲ್ಲ. ಈ ಎರಡನ್ನು ಒಂದೆಂದು ಭ್ರಮಿಸಿದ್ದರಿಂದ ಕವಿಗಳ ಕಾಲನಿರ್ಣಯದಲ್ಲಿ ಎಷ್ಟು ಎಡವಟ್ಟುಗಳಾಗಿವೆ ಎಂಬುದನ್ನು ಬಲ್ಲವರಿಗೆ ಈ ಒಂದು ಗುಣವೇ ಸಾಧನದ ಬಗ್ಗೆ ಆದರವನ್ನು ಹುಟ್ಟಿಸಲು ಸಾಕು. ಇದಲ್ಲದೆ ಪ್ರತಿಯೊಂದು ಬದಲಾವಣೆಯ ಜೊತೆಗೆ, ಅದನ್ನು ಏಕೆ ಮಾಡಲಾಯಿತು ಎಂಬ ಟಿಪ್ಪಣಿಯನ್ನೂ ಸ್ಕ್ವಿಚ್ ಕೇಳುತ್ತದೆ. ಯೋಜನಾಪತ್ರವು ಯುಟಿಎಫ್-8 ಸಂಕೇತದಲ್ಲಿರುವುದರಿಂದ ಟಿಪ್ಪಣಿಯನ್ನು ಕನ್ನಡದಲ್ಲಿಯೇ ಬರೆಯಲು ಅಡ್ಡಿಯಿಲ್ಲ. ಬರೆಯುವವರು 'ತಿದ್ದಲಾಯಿತು' ಎಂಬ ಒಂದು ಪದದಲ್ಲಿ ಮುಗಿಸಿದರೆ ಅದು ಸಾಧನದ ದೋಷವಲ್ಲ.

ಇನ್ನೂ ಒಂದು ಗಮನಾರ್ಹ ಸಂಗತಿಯಿದೆ. ಸ್ಕ್ವಿಚ್ ಪ್ರತಿ ಬದಲಾವಣೆಗೆ ಕೊಡುವ ಗುರುತು ಒಂದು, ಎರಡು, ಮೂರು ಎಂಬ ಅನುಕ್ರಮಸಂಖ್ಯೆಯಲ್ಲ. ಬದಲಾವಣೆಯ ಹೆಸರು, ಯೋಜಿಸಿದವನು, ಕಾಲ, ಟಿಪ್ಪಣಿ, ಅದು ಅವಲಂಬಿಸಿದ ಇತರ ಬದಲಾವಣೆಗಳು ಹಾಗೂ ಅದಕ್ಕೆ ನಿಕಟಪೂರ್ವದ ಬದಲಾವಣೆಯ ಗುರುತು ಇವಿಷ್ಟರಿಂದ ಲೆಕ್ಕಹಾಕಿದ ಸಂಕೇತ ಅದು. ಆದುದರಿಂದ ನಡುವಿನ ಒಂದು ನಮೂದನ್ನು ಕಳ್ಳತನದಿಂದ ತಿದ್ದಿದರೆ ಅದರ ಮುಂದಿನವೆಲ್ಲ ಕೊಂಡಿ ಕಳಚಿಕೊಳ್ಳುತ್ತವೆ. ಅನುಕ್ರಮಸಂಖ್ಯೆಯನ್ನು ನೆಚ್ಚಿದ ಸಾಧನಗಳಲ್ಲಿ ಇಬ್ಬರು ಕೆಲಸಗಾರರು ಬೇರೆ ಬೇರೆ ಕಡೆ ಕುಳಿತು ಒಂದೇ ಸಂಖ್ಯೆಯನ್ನು ಬಳಸಿ ತೊಡಕಾಗುತ್ತಿದ್ದುದುಂಟು. ರೇಲ್ಸ್ 2008ರ 2.1 ಆವೃತ್ತಿಯಲ್ಲಿ ಸಂಖ್ಯೆಯನ್ನು ಬಿಟ್ಟು ಕಾಲಮುದ್ರೆಯನ್ನು ಹಿಡಿದದ್ದು ಈ ಕಾರಣದಿಂದಲೇ.

ಇಷ್ಟಾದರೂ ಸ್ಕ್ವಿಚ್ ಪೂರ್ಣವಾಗಿ ನಂಬತಕ್ಕ ಸಾಧನವೆಂದು ತೀರ್ಮಾನಿಸುವಂತಿಲ್ಲ. ಅದರ ಮೂರು ಮುಖ್ಯ ಆಜ್ಞೆಗಳಲ್ಲಿ ಮೊದಲನೆಯದು 'ಡಿಪ್ಲಾಯ್', ಅಂದರೆ ಅನ್ವಯ. ಎರಡನೆಯದು 'ರಿವರ್ಟ್', ಅಂದರೆ ಪ್ರತ್ಯಾವರ್ತನ. ಮೂರನೆಯದು 'ವೆರಿಫೈ', ಅಂದರೆ ಪರಿಶೀಲನ. ಒಂದೊಂದು ಬದಲಾವಣೆಗೂ ಈ ಮೂರು ಆಜ್ಞಾಪತ್ರಗಳನ್ನು ಬರೆಯಬೇಕೆಂಬುದು ಅದರ ಕ್ರಮ. ಮಾಡಿದ್ದನ್ನು ಮಾಡದಂತಾಗಿಸಬಹುದು ಎಂಬ ಆಶ್ವಾಸನೆ ಎರಡನೆಯದರಲ್ಲಿದೆ. ವಿಚಾರ ತೊಡಕಾಗುವುದು ಇಲ್ಲಿಯೇ.

ಉದಾಹರಣೆಯೊಂದರಿಂದ ಇದನ್ನು ಸ್ಪಷ್ಟಪಡಿಸಬಹುದು. ಒಂದು ಭಂಡಾರದ ಹಸ್ತಪ್ರತಿಸೂಚಿಯಲ್ಲಿ 'ಲಿಪಿಕಾಲ' ಎಂಬ ಅಂಕಣವಿದೆಯೆಂದೂ ಅದರಲ್ಲಿ ಪುಷ್ಪಿಕೆಯ ಮಾತುಗಳನ್ನು ಇದ್ದಂತೆಯೇ ಬರೆಯಲಾಗಿದೆಯೆಂದೂ ಭಾವಿಸೋಣ. ಒಂದು ಪ್ರತಿಯ ನಮೂದು 'ಶಕ 1500ನೆಯ ಬಹುಧಾನ್ಯ ಸಂವತ್ಸರದ ಫಾಲ್ಗುಣ ಶುದ್ಧ ಪಂಚಮಿ' ಎಂದಿರಲಿ. ಇನ್ನೊಂದರದು ಅದೇ ಸಂವತ್ಸರದ ಚೈತ್ರಮಾಸದ್ದಿರಲಿ. ಮೂರನೆಯದರಲ್ಲಿ ಶಕವರ್ಷವೇ ಇಲ್ಲದೆ 'ಬಹುಧಾನ್ಯ ಸಂವತ್ಸರ' ಎಂದಷ್ಟೇ ಇರಲಿ. ಕಾಲಾನುಕ್ರಮದಲ್ಲಿ ಜೋಡಿಸಲು ಅನುಕೂಲವಾಗಲೆಂದು ನಿರ್ವಾಹಕನು ಈ ಅಂಕಣವನ್ನು ಕ್ರಿಸ್ತಶಕದ ಅಂಕಿಯಾಗಿ ಬದಲಿಸಲು ನಿಶ್ಚಯಿಸುತ್ತಾನೆ. ಅವನ ಅನ್ವಯಪತ್ರವು ಶಕವರ್ಷಕ್ಕೆ 78ನ್ನು ಕೂಡಿಸಿ ಹೊಸ ಅಂಕಣದಲ್ಲಿ ಬರೆದು ಹಳೆಯ ಅಂಕಣವನ್ನು ತೆಗೆದುಹಾಕುತ್ತದೆ. ಪ್ರತ್ಯಾವರ್ತನಪತ್ರವು 78ನ್ನು ಕಳೆದು ಹಳೆಯ ಹೆಸರಿನ ಅಂಕಣವನ್ನು ಮತ್ತೆ ಕಟ್ಟುತ್ತದೆ. ಕೆಲಸ ಅಚ್ಚುಕಟ್ಟಾಗಿ ಮುಗಿದಂತೆ ತೋರುತ್ತದೆ.

ಆದರೆ ನಡೆದುದೇನು? ಚೈತ್ರಮಾಸದ ಪ್ರತಿಗೆ 1578 ಎಂಬುದು ಸರಿ. ಫಾಲ್ಗುಣದ ಪ್ರತಿಗೆ ಅದು ತಪ್ಪು. ಆ ವೇಳೆಗೆ ಕ್ರಿಸ್ತಶಕ 1579 ಆರಂಭವಾಗಿತ್ತು. ನಿರ್ವಾಹಕನು ಪಂಚಾಂಗ ಬಲ್ಲವನಾಗಿ ಎರಡನೆಯದನ್ನು ಕೈಯಿಂದ 1579 ಎಂದು ಸರಿಯಾಗಿಯೇ ತಿದ್ದಿದನೆನ್ನಿ. ಆಗ ಪ್ರತ್ಯಾವರ್ತನದಿಂದ ಅದು ಶಕ 1501 ಆಗುತ್ತದೆ. ಶಕ 1501 ಬಹುಧಾನ್ಯವಲ್ಲ, ಪ್ರಮಾಥಿ. ಅಂದರೆ ಮೊದಲು ತಪ್ಪು ಮಾಡಿದವನಿಗೆ ಹಿಂದಿರುಗುವಾಗ ಸರಿಯಾದ ಶಕವರ್ಷ ದೊರೆಯುತ್ತದೆ. ಸರಿಯಾಗಿ ಲೆಕ್ಕಹಾಕಿದವನಿಗೆ ತಪ್ಪು ದೊರೆಯುತ್ತದೆ! ಸಂವತ್ಸರ, ಮಾಸ, ಪಕ್ಷ, ತಿಥಿಗಳಂತೂ ಇಬ್ಬರಿಗೂ ಇಲ್ಲ. ಮೂರನೆಯ ಪ್ರತಿಗೆ ಅಂಕಿಯೇ ಇಲ್ಲದುದರಿಂದ ಅಲ್ಲಿ ಶೂನ್ಯವೋ ಖಾಲಿಯೋ ಉಳಿದು, ಅದರ ಕಾಲದ ಬಗ್ಗೆ ಪುಷ್ಪಿಕೆ ಏನನ್ನೂ ಹೇಳಿಲ್ಲವೆಂಬ ಸುಳ್ಳು ಸೂಚಿಯನ್ನು ಸೇರುತ್ತದೆ. ಇನ್ನು, ಶಕವರ್ಷಕ್ಕೂ ಸಂವತ್ಸರಕ್ಕೂ ಹೊಂದಿಕೆಯಿಲ್ಲದ ಪುಷ್ಪಿಕೆಗಳಿರುತ್ತವೆ. ಆ ವೈಷಮ್ಯವೇ ಸಂಶೋಧಕನಿಗೆ ಮೊದಲ ಸುಳಿವು. ಲಿಪಿಕಾರನು ಗತವರ್ಷವನ್ನು ಹಿಡಿದನೋ ವರ್ತಮಾನವರ್ಷವನ್ನೋ, ಅಥವಾ ಮಾತೃಕೆಯ ಪುಷ್ಪಿಕೆಯನ್ನೇ ನಕಲುಮಾಡಿದನೋ ಎಂಬ ಚರ್ಚೆಗೆ ಅದೇ ಆಧಾರ. ಅಂಕಿಯ ಅಂಕಣದಲ್ಲಿ ವೈಷಮ್ಯಕ್ಕೆ ಸ್ಥಳವೇ ಇಲ್ಲ.

ಇಷ್ಟೆಲ್ಲ ನಷ್ಟವಾದ ಮೇಲೂ ಸಾಧನದ ದಾಖಲೆಯಲ್ಲಿ 'ಅನ್ವಯವಾಯಿತು' ಎಂಬ ಒಂದು ಘಟನೆ, 'ಪ್ರತ್ಯಾವರ್ತನವಾಯಿತು' ಎಂಬ ಇನ್ನೊಂದು ಘಟನೆ ಮಾತ್ರ ಕಾಣುತ್ತವೆ. ಕೋಷ್ಟಕದ ಆಕಾರ ಹಿಂದಿನಂತೆಯೇ ಇದೆ. ಭಾಂಡ ಮರಳಿ ಬಂದಿದೆ, ಅದರೊಳಗಿನ ದ್ರವ್ಯ ಬಂದಿಲ್ಲ. ಪ್ರತ್ಯಾವರ್ತನವೆಂಬ ಪದವೇ ಇಲ್ಲಿ ಭ್ರಾಂತಿಜನಕ.

ಸ್ಕ್ವಿಚ್‌ನ ನ್ಯಾಯವನ್ನೂ ಹೇಳಬೇಕು. ಕೈಯಿಂದ ರಿವರ್ಟ್ ಆಜ್ಞೆಯನ್ನು ಕೊಟ್ಟಾಗ ಅದು ಮುಂದುವರಿಯುವ ಮೊದಲು ಒಪ್ಪಿಗೆ ಕೇಳುತ್ತದೆ. ನಡೆದ ಪ್ರತ್ಯಾವರ್ತನವನ್ನು ಘಟನಾಕೋಷ್ಟಕದಿಂದ ಅಳಿಸುವುದಿಲ್ಲ. ಸದ್ಯ ಅನ್ವಯದಲ್ಲಿರುವವುಗಳ ಪಟ್ಟಿಯಿಂದ ಆ ಬದಲಾವಣೆ ಮರೆಯಾದರೂ, ಒಮ್ಮೆ ಬಂದು ಹೋದುದರ ಸಾಕ್ಷ್ಯವು 'ಲಾಗ್' ಆಜ್ಞೆಗೆ ದೊರೆಯುತ್ತದೆ. ವಿಫಲವಾದ ಪ್ರಯತ್ನಗಳನ್ನು ಸಹ ಅದು ಬರೆದಿಡುತ್ತದೆ. ಓಲೆಯಲ್ಲಿ ತಪ್ಪಕ್ಷರವನ್ನು ಕೆರೆದು ಹಾಕದೆ, ಅದು ಕಾಣುವಂತೆ ಗುರುತು ಹಾಕಿ ಬಿಡುವ ಲಿಪಿಕಾರನ ಪ್ರಾಮಾಣಿಕತೆ ಇದು. ಆದರೆ ಅದರ ಇನ್ನೊಂದು ನಡವಳಿಕೆ ಕಳವಳಕಾರಿಯಾದುದು. ಐದು ಬದಲಾವಣೆಗಳನ್ನು ಒಟ್ಟಿಗೆ ಅನ್ವಯಿಸುವಾಗ ಐದನೆಯದು ವಿಫಲವಾದರೆ, ಬೇರೆ ಸೂಚನೆ ಕೊಡದಿದ್ದ ಪಕ್ಷದಲ್ಲಿ, ಸ್ಕ್ವಿಚ್ ಮೊದಲ ನಾಲ್ಕನ್ನೂ ಹಿಂದೆಗೆಯುತ್ತದೆ. ಆಗ ಒಪ್ಪಿಗೆ ಕೇಳುವುದಿಲ್ಲ. ಅಂದರೆ ಮೇಲಿನ 78ರ ಪ್ರತ್ಯಾವರ್ತನಪತ್ರವು ಯಾರೂ ಆಜ್ಞಾಪಿಸದೆ, ಯಾರೂ ನೋಡದೆ ನಡೆದುಹೋಗಬಹುದು. ಇದನ್ನು ತಡೆಯಲು ವಿಧಾನವನ್ನು 'ಚೇಂಜ್' ಎಂದು ಬದಲಿಸಿ, ಕೆಟ್ಟ ಬದಲಾವಣೆಯಲ್ಲಿಯೇ ನಿಲ್ಲುವಂತೆ ಮಾಡುವ ಉಪಾಯವಿದೆ. ಸೂಚಿಯನ್ನು ಕಾಯುವವರಿಗೆ ಅದೇ ಮೊದಲ ನಿಯಮವಾಗಬೇಕು.

ರೇಲ್ಸ್ ಈ ವಿಷಯದಲ್ಲಿ ಒಂದು ಒಳ್ಳೆಯ ಪಾಠವನ್ನು ಕಲಿಸಿದೆ. ಅದರ ದಾಖಲೆ ಅಲೆಂಬಿಕ್‌ನಷ್ಟೇ ಬಡವಾದುದು, ಬರಿಯ ಕಾಲಮುದ್ರೆಗಳ ಪಟ್ಟಿ. ಆದರೆ ಹಿಂದೆಗೆಯಲಾಗದ ಬದಲಾವಣೆಯನ್ನು 'ಇರ್ರಿವರ್ಸಿಬಲ್ ಮೈಗ್ರೇಶನ್' ಎಂದು ಹೆಸರಿಟ್ಟು ಕರೆಯುವ ಧೈರ್ಯ ಅದಕ್ಕಿದೆ. ಅಂಥದ್ದನ್ನು ಹಿಂದೆಗೆಯಲು ಹೊರಟರೆ ಅದು ಆಗದೆಂದು ನಿಲ್ಲುತ್ತದೆ. ಸ್ಕ್ವಿಚ್ ಬಳಸುವವರು ಪ್ರತ್ಯಾವರ್ತನಪತ್ರದಲ್ಲಿ ಉದ್ದೇಶಪೂರ್ವಕವಾಗಿ ದೋಷವನ್ನೆಬ್ಬಿಸುವ ಒಂದು ಸಾಲನ್ನು ಬರೆದು ಇದೇ ಫಲವನ್ನು ಪಡೆಯಬಹುದಾದರೂ, ಸಾಧನವೇ ಅದಕ್ಕೊಂದು ಹೆಸರನ್ನು ಕೊಟ್ಟಿದ್ದರೆ ಮೇಲಾಗಿತ್ತು.

ಅಲೆಂಬಿಕ್‌ನ ಪಕ್ಕದಲ್ಲಿ ಇಟ್ಟು ನೋಡಿದರೆ, ಆಜ್ಞಾಪತ್ರಗಳನ್ನು ಮನುಷ್ಯನೇ ಬರೆಯಬೇಕೆಂಬ ಸ್ಕ್ವಿಚ್‌ನ ಹಠವೂ ಒಂದು ಗುಣವಾಗಿ ತೋರುತ್ತದೆ. ಅಲೆಂಬಿಕ್ ಇದ್ದ ರಚನೆಯನ್ನೂ ಬೇಕಾದ ರಚನೆಯನ್ನೂ ಹೋಲಿಸಿ ಆಜ್ಞಾಪತ್ರವನ್ನು ತಾನೇ ಸಿದ್ಧಪಡಿಸಬಲ್ಲುದು. ಆದರೆ ಅಂಕಣದ ಹೆಸರು ಬದಲಾದುದನ್ನು ಅದು ಗುರುತಿಸಲಾರದು. 'ಲಿಪಿಕಾರ' ಎಂಬುದನ್ನು 'ಪ್ರತಿಕಾರ' ಎಂದು ಮಾಡಿದರೆ ಹಳೆಯ ಅಂಕಣವನ್ನು ತೆಗೆದು ಖಾಲಿಯಾದ ಹೊಸದನ್ನು ಸೇರಿಸಬೇಕೆಂದು ಬರೆಯುತ್ತದೆ. ಅದರ ಕೈಪಿಡಿಯೇ ಈ ಮಿತಿಯನ್ನು ಒಪ್ಪಿಕೊಂಡು, ಸಿದ್ಧವಾದ ಪತ್ರವನ್ನು ಓದಿ ತಿದ್ದಬೇಕೆಂದು ಎಚ್ಚರಿಸುತ್ತದೆ. ಎಚ್ಚರಿಕೆಯನ್ನು ಓದದವನ ಸೂಚಿಯಲ್ಲಿ ಲಿಪಿಕಾರರೆಲ್ಲರೂ ಒಂದೇ ಗಳಿಗೆಯಲ್ಲಿ ಅನಾಮಧೇಯರಾಗುತ್ತಾರೆ.

ಪರಿಶೀಲನದ ಬಗ್ಗೆ ಹೇಳಬೇಕಾದುದು ಇನ್ನೂ ಇದೆ. ಅನ್ವಯದೊಡನೆ ಪರಿಶೀಲನವೂ ನಡೆಯಬೇಕಾದರೆ ಅದನ್ನು ಪ್ರತ್ಯೇಕವಾಗಿ ಕೇಳಬೇಕು. ಸ್ಕ್ವಿಚ್ ತಾನಾಗಿ ಮಾಡುವುದಿಲ್ಲ. ನಡೆದಾಗಲೂ ಪರಿಶೀಲನಪತ್ರದ ಪ್ರಶ್ನೆಗೆ ಬಂದ ಉತ್ತರವೇನೆಂದು ಅದು ನೋಡುವುದಿಲ್ಲ, ದೋಷ ಎದ್ದಿತೇ ಇಲ್ಲವೇ ಎಂಬುದನ್ನಷ್ಟೇ ನೋಡುತ್ತದೆ. ಆದುದರಿಂದ, ಇರಬೇಕಾದುದು ಇಲ್ಲದಿದ್ದರೆ ಶೂನ್ಯದಿಂದ ಭಾಗಿಸುವಂತೆ ಪ್ರಶ್ನೆಯನ್ನು ಹೆಣೆದು, ಆ ಅಸಂಭಾವ್ಯ ಗಣಿತದಿಂದಲೇ ದೋಷವನ್ನು ಎಬ್ಬಿಸುವ ಚಮತ್ಕಾರವನ್ನು ಅದರ ಕೈಪಿಡಿ ಕಲಿಸುತ್ತದೆ. ಉಪಾಯವೇನೋ ಜಾಣತನದ್ದೇ. ಆದರೆ ಕೈಪಿಡಿಯ ಉದಾಹರಣೆಗಳನ್ನು ಅನುಸರಿಸಿ ಬಹುಮಂದಿ ಬರೆಯುವ ಪರಿಶೀಲನವು ಕೋಷ್ಟಕವಿದೆಯೇ, ಅಂಕಣವಿದೆಯೇ ಎಂದು ಕೇಳಿ ತೃಪ್ತವಾಗುತ್ತದೆ. ಓಲೆಗಳ ಸಂಖ್ಯೆ ಸರಿಯಾಗಿದೆಯೆಂದ ಮಾತ್ರಕ್ಕೆ ಗ್ರಂಥಪಾತವಿಲ್ಲವೆಂದು ಯಾವ ಸಂಪಾದಕನೂ ಹೇಳಲಾರನು. ಹಿಂದಿನ ಲಿಪಿಕಾರರು ಕೊನೆಯಲ್ಲಿ ಗ್ರಂಥಾಗ್ರವನ್ನು, ಅಂದರೆ ಮೂವತ್ತೆರಡು ಅಕ್ಷರಗಳ ಒಂದು ಗ್ರಂಥದಂತೆ ಒಟ್ಟು ಎಷ್ಟೆಂಬ ಲೆಕ್ಕವನ್ನು, ಬರೆಯುತ್ತಿದ್ದುದು ಈ ಕಾರಣಕ್ಕಾಗಿಯೇ. ಶೂನ್ಯಭಾಗದ ಅದೇ ಉಪಾಯದಿಂದ ಗ್ರಂಥಾಗ್ರವನ್ನೂ ಪರೀಕ್ಷಿಸಬಹುದು. ಲಿಪಿಕಾಲವುಳ್ಳ ನಮೂದುಗಳು ರೂಪಾಂತರಕ್ಕೆ ಮೊದಲು ಎಷ್ಟಿದ್ದವು, ಬಳಿಕ ಎಷ್ಟಿವೆ ಎಂಬ ಎರಡು ಸಂಖ್ಯೆಗಳು ಹೊಂದದಿದ್ದರೆ ದೋಷವೇಳುವಂತೆ ಪರಿಶೀಲನಪತ್ರವನ್ನು ಬರೆದಿದ್ದಲ್ಲಿ, ಮೇಲಿನ ಮೂರನೆಯ ಪ್ರತಿ ಅಲ್ಲಿಯೇ ಸಿಕ್ಕಿಬೀಳುತ್ತಿತ್ತು. ಮೊದಲ ಎರಡು ಪ್ರತಿಗಳ ನಷ್ಟ ಮಾತ್ರ ಆಗಲೂ ತಪ್ಪಿಸಿಕೊಳ್ಳುತ್ತಿತ್ತು. ಎಣಿಕೆಗೂ ಮಿತಿಯಿದೆ.

ದಾಖಲೆಯ ವಿಷಯದಲ್ಲಿ ಇಷ್ಟು ನಿಷ್ಠೆಯುಳ್ಳ ಸಾಧನವು ಆಜ್ಞಾಪತ್ರದ ಅಕ್ಷರಗಳ ಬಗ್ಗೆ ಉದಾಸೀನವಾಗಿರುವುದು ಆಶ್ಚರ್ಯ. ಬದಲಾವಣೆಯ ಗುರುತನ್ನು ಲೆಕ್ಕಹಾಕುವಾಗ ಅದು ಆಜ್ಞಾಪತ್ರದ ಒಡಲನ್ನು ಸೇರಿಸುವುದಿಲ್ಲ. ಒಡಲಿನ ಮೊಹರನ್ನು ಬೇರೆಯಾಗಿ ದಾಖಲೆಯಲ್ಲಿ ಇಡುತ್ತದೆಯಾದರೂ, ಅನ್ವಯದ ವೇಳೆ ಫ್ಲೈವೇಯಂತೆ ಹೋಲಿಸಿ ತಡೆಯುವುದಿಲ್ಲ. ಅನ್ವಯವಾದ ಪತ್ರವನ್ನು ತಿದ್ದಬೇಕಾದಾಗ 'ರೀವರ್ಕ್' ಎಂಬ ಆಜ್ಞೆಯನ್ನು ಬಳಸಬೇಕೆಂಬುದು ಸಂಪ್ರದಾಯ. ಆಗ ಹಳೆಯ ಪತ್ರವು ಅಳಿಯದೆ, ಆವೃತ್ತಿಯ ಹೆಸರನ್ನು ಧರಿಸಿ ಪಕ್ಕದಲ್ಲಿ ಉಳಿಯುತ್ತದೆ. ಹೊಸದು ಹಳೆಯ ಹೆಸರಿನಲ್ಲಿ ನಿಲ್ಲುತ್ತದೆ. ಪಾಠಾಂತರವನ್ನು ಅಡಿಟಿಪ್ಪಣಿಗೆ ಇಳಿಸುವ ಸಂಪಾದನಕ್ರಮಕ್ಕೆ ಇದು ತೀರ ಹತ್ತಿರ. ಹೀಗೆ ರೀವರ್ಕ್ ಎಂಬ ಸತ್ಪಥವನ್ನು ತೋರಿಸಿದ ಸಾಧನವೇ, ಅದನ್ನು ಬಿಟ್ಟು ನಡೆದವನನ್ನು ಸುಮ್ಮನೆ ಹೋಗಗೊಡುತ್ತದೆ. ಈ ಒಂದಂಶದಲ್ಲಿ ಫ್ಲೈವೇಯ ಕಾಠಿಣ್ಯವೇ ಮೇಲು.

ಸಾಧನದ ಹೊರಗಿನ ಕಾರಣಗಳಿಂದಲೂ ಹಾನಿಯುಂಟು. ಪೋಸ್ಟ್‌ಗ್ರೆಸ್ ದತ್ತಸಂಚಯದಲ್ಲಿ ರಚನೆಯ ಬದಲಾವಣೆಗಳನ್ನು ಒಂದೇ ವ್ಯವಹಾರದೊಳಗೆ ಕಟ್ಟಬಹುದಾದುದರಿಂದ ನಡುವೆ ಮುರಿದುಬಿದ್ದರೆ ಎಲ್ಲವೂ ಮೊದಲಿನಂತಾಗುತ್ತದೆ; ಮೈಎಸ್‌ಕ್ಯೂಎಲ್‌ನಲ್ಲಿ ಅಂಥ ಪ್ರತಿಯೊಂದು ಬದಲಾವಣೆಯೂ ಆಗಿಂದಾಗ್ಗೆ ಶಾಶ್ವತವಾಗುವುದರಿಂದ ಕೆಲಸ ಅರ್ಧಕ್ಕೆ ನಿಲ್ಲಬಹುದು. ಸಣ್ಣ ಸಂಸ್ಥೆಗಳಿಗೆ ಒಪ್ಪುವ ಎಸ್‌ಕ್ಯೂಲೈಟ್‌ನಲ್ಲಿ ಅಂಕಣವನ್ನು ತೆಗೆಯುವ ಸೌಲಭ್ಯ 2021ರ 3.35 ಆವೃತ್ತಿಯವರೆಗೆ ಇರಲೇ ಇಲ್ಲ. ಹೊಸ ಕೋಷ್ಟಕವೊಂದನ್ನು ಕಟ್ಟಿ, ಹಳೆಯದರಿಂದ ಎಲ್ಲವನ್ನೂ ಪ್ರತಿಮಾಡಿ, ಹೆಸರನ್ನು ಬದಲಿಸಬೇಕಾಗುತ್ತಿತ್ತು. ಆ ಶ್ರಮವೇ ಅನೇಕ ಅಂಕಣಗಳನ್ನು ಉಳಿಸಿರಬೇಕೆಂದು ವಿನೋದಕ್ಕೆ ಹೇಳಬಹುದು.

ಇವೆಲ್ಲಕ್ಕೂ ಮಿಗಿಲಾದ ಒಂದು ಮಿತಿಯನ್ನು ಮರೆಯಬಾರದು. ಸ್ಕ್ವಿಚ್ ಆಗಲಿ ಅದರ ಸಹೋದರರಾಗಲಿ ಬಲ್ಲುದು ತಮ್ಮ ಮೂಲಕ ನಡೆದ ಬದಲಾವಣೆಗಳನ್ನು ಮಾತ್ರ. ಸೂಚಿಕಾರನು ದಿನನಿತ್ಯ ಕುಳಿತು ಒಂದು ಪ್ರತಿಯ ಲಿಪಿಕಾರನ ಹೆಸರನ್ನು ತಿದ್ದಿದರೆ, ಓಲೆಗಳ ಸಂಖ್ಯೆಯನ್ನು ಬದಲಿಸಿದರೆ, ಅದು ಈ ಯಾವ ದಾಖಲೆಯಲ್ಲಿಯೂ ಬಾರದು. ಅದಕ್ಕೆ ಬೇರೆ ಕೋಷ್ಟಕವನ್ನು, ಬೇರೆ ಶಿಸ್ತನ್ನು ಏರ್ಪಡಿಸಬೇಕು. ಸ್ಕ್ವಿಚ್ ಇದೆಯೆಂದು ಆ ಚಿಂತೆಯನ್ನು ಬಿಟ್ಟವರು ಬಾಗಿಲಿಗೆ ಬೀಗವಿಟ್ಟು ಕಿಟಕಿಯನ್ನು ತೆರೆದಿಟ್ಟಂತೆ.

ಲಿಪಿಕಾಲದ ಉದಾಹರಣೆಗೆ ಹಿಂದಿರುಗಿದರೆ, ನಿರ್ವಾಹಕನು ಮಾಡಬೇಕಾಗಿದ್ದುದು ಕಠಿಣವಾದುದೇನಲ್ಲ. ಸ್ಕಾಟ್ ಆಂಬ್ಲರ್ ಮತ್ತು ಪ್ರಮೋದ್ ಸಡಲಗೆ ಅವರು ದತ್ತಸಂಚಯಗಳ ಪುನಾರಚನೆಯನ್ನು ಕುರಿತು 2006ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹಳೆಯ ರಚನೆಯೂ ಹೊಸದೂ ಕೆಲವು ಕಾಲ ಜೊತೆಗೆ ಬಾಳಬೇಕೆಂಬ ಸಂಕ್ರಮಣಾವಧಿಯ ವಿಧಾನವನ್ನು ವಿವರಿಸಿದ್ದಾರೆ. ವ್ಯಾಪಾರದ ದತ್ತಸಂಚಯಗಳಲ್ಲಿ ಆ ಅವಧಿ ಮುಗಿದ ಮೇಲೆ ಹಳೆಯದನ್ನು ತೆಗೆದುಹಾಕುತ್ತಾರೆ. ಹಸ್ತಪ್ರತಿಸೂಚಿಯಲ್ಲಿ ಆ ಅವಧಿಗೆ ಕೊನೆಯೇ ಇರಕೂಡದು. ಪುಷ್ಪಿಕೆಯ ಮಾತು ತನ್ನ ಅಂಕಣದಲ್ಲಿ ಹಾಗೆಯೇ ಇರಲಿ. ಪಕ್ಕದಲ್ಲಿ ಕ್ರಿಸ್ತಶಕದ ವರ್ಷಕ್ಕೆ ಒಂದು, ಆ ವರ್ಷವನ್ನು ಯಾವ ಲೆಕ್ಕದಿಂದ ನಿರ್ಣಯಿಸಲಾಯಿತು ಎಂಬುದಕ್ಕೆ ಇನ್ನೊಂದು, ನಿರ್ಣಯಿಸಿದವರ ಹೆಸರಿಗೆ ಮತ್ತೊಂದು ಹೊಸ ಅಂಕಣ ಬರಲಿ. ಆಗ ಪ್ರತ್ಯಾವರ್ತನವೆಂದರೆ ಹೊಸ ಮೂರನ್ನು ತೆಗೆಯುವುದಷ್ಟೇ. ಓಲೆಯಿಂದ ಬಂದ ಒಂದಕ್ಷರವೂ ಅದರಿಂದ ನಷ್ಟವಾಗದು. ಫಾಲ್ಗುಣದ ಪ್ರತಿಗೆ 1578 ಎಂದು ಬರೆದಿದ್ದರೆ, ಪಕ್ಕದ ಅಂಕಣವನ್ನು ಓದಿದ ಯಾವ ಪಂಡಿತರಾದರೂ ಅದನ್ನು 1579 ಎಂದು ತಿದ್ದಬಲ್ಲರು. ಆ ಮೂರು ಅಂಕಣಗಳನ್ನು ಯಾರು ಯೋಜಿಸಿದರು, ಯಾರು ಎಂದು ಅನ್ವಯಿಸಿದರು ಎಂಬುದು ಸ್ಕ್ವಿಚ್‌ನ ದಾಖಲೆಯಲ್ಲಿ ಎರಡು ಹೆಸರು, ಎರಡು ದಿನಾಂಕ, ಒಂದು ಕನ್ನಡ ಟಿಪ್ಪಣಿಯೊಡನೆ ಇರುತ್ತದೆ.